ಎಂಟು ವರ್ಷದ ಇಬ್ಬರು ಹುಡುಗರು

ನನ್ನ ಮೈಮೇಲೆ ಎರಡು ಕಲೆಗಳಿವೆ. ಒಂದು ಎಡತೋಳಿನ ಮೇಲೆ. ಹಳೆಯ ನಾಲ್ಕಾಣೆಯಷ್ಟು ಅಗಲ, ನಡುವೆ ತುಸು ತಗ್ಗು. ಇನ್ನೊಂದು ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಎರಡು ಬೆರಳು ಮೇಲಕ್ಕೆ. ಅಡ್ಡಲಾಗಿ ಎಳೆದ ಸಣ್ಣ ಗೆರೆ. ಮೊದಲನೆಯದು ಸಿಡುಬಿನ ದಾಕು ಹಾಕಿದ ಗುರುತು. ಎರಡನೆಯದು ಬರೆಯ ಗುರುತು. ನಾನು ಮೂರು ತಿಂಗಳ ಕೂಸಾಗಿದ್ದಾಗ ಹಾಲು ಕಕ್ಕಿ, ಹೊಟ್ಟೆ ಉಬ್ಬರಿಸಿ, ಎರಡು ರಾತ್ರಿ ಎಡೆಬಿಡದೆ ಅತ್ತೆನಂತೆ. ನಮ್ಮ ಅಜ್ಜಿ ಊರಿನಲ್ಲಿ ಈ ಕೆಲಸಕ್ಕೆ ಹೆಸರಾಗಿದ್ದ ಮುದುಕಿಯೊಬ್ಬಳನ್ನು ಕರೆಸಿದರು. ಆಕೆ ಗಾಜಿನ ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ ಬರೆ ಎಳೆದಳು. ನಾನು ಬದುಕಿದೆ. ಮೂರು ವರ್ಷಗಳ ತರುವಾಯ ನನ್ನ ತಂಗಿಗೂ ಅದೇ ಕೈಯಿಂದ ಅದೇ ಉಪಚಾರವಾಯಿತು. ಅವಳು ಉಳಿಯಲಿಲ್ಲ. ನಾನು ಬದುಕಿದ್ದು ಬರೆಯ ಮಹಿಮೆಗೆ ಸಾಕ್ಷಿಯಾಯಿತು. ಅವಳು ಸತ್ತದ್ದು ಹಣೆಬರಹವೆನಿಸಿಕೊಂಡಿತು. ನಮ್ಮ ಮನೆಯಲ್ಲಿ ಯಾರೂ ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದು ನೋಡಲಿಲ್ಲ.

ಕಳೆದ ವರ್ಷ ನನ್ನ ಮಗನಿಗೆ ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಅದರ ಕಣ್ಣೂ ಮೈಯೂ ಅರಿಶಿನ ಬಳಿದಂತೆ ಹಳದಿಯಾದುವು. ನೋಡಲು ಬಂದಿದ್ದ ಬಂಧುಗಳೊಬ್ಬರು, ಕಾದ ಸೂಜಿಯನ್ನು ತುಸು ಮುಟ್ಟಿಸಿದರೆ ಕಾಮಾಲೆ ಇಳಿದುಹೋಗುವುದೆಂದು ಹೇಳಿದರು. ಮನೆಗೆ ಹಿರಿಯನಾದ ನನ್ನ ಮುಖವನ್ನು ಎಲ್ಲರೂ ನೋಡಿದರು. ನಾಲ್ಕಾರು ಪುಸ್ತಕ ಓದಿದವನೆಂದು ಹೆಸರು ಪಡೆದ ನಾನು ಕೂಡಲೇ ಬೇಡವೆನ್ನಲಿಲ್ಲ. ಒಂದು ಗಳಿಗೆ ತಡವರಿಸಿದೆ. ಆ ಒಂದು ಗಳಿಗೆ ಬಹುದಿನ ನನ್ನನ್ನು ಕಾಡಿತು. ಆ ತಡವರಿಕೆಯ ಮೂಲವೇನೆಂದು ಯೋಚಿಸುತ್ತಿದ್ದಾಗಲೇ, ನನ್ನ ತೋಳಿನ ಮೇಲಣ ಇನ್ನೊಂದು ಕಲೆಗೆ ಕಾರಣನಾದ ಎಡ್ವರ್ಡ್ ಜೆನ್ನರನ ಜೀವನಚರಿತ್ರೆಯನ್ನು ಮತ್ತೆ ಕೈಗೆತ್ತಿಕೊಂಡೆ. ಶಾಲೆಯ ಪಾಠದಲ್ಲಿ ಅವನ ಹೆಸರನ್ನು ಕೇಳದವರಿಲ್ಲ. ಆದರೆ ಪಾಠದ ಪುಸ್ತಕಗಳು ಬಿಟ್ಟುಬಿಡುವ ಕೆಲವು ಸಂಗತಿಗಳು ಆ ಜೀವನದಲ್ಲಿವೆ. ಅವುಗಳನ್ನು ವಾಚಕರ ಮುಂದಿಡಬೇಕೆಂಬುದು ಈ ಬರೆಹದ ಉದ್ದೇಶ.

ಜೆನ್ನರ್ ಹುಟ್ಟಿದ್ದು 1749ನೆಯ ಇಸವಿ ಮೇ 17ರಂದು, ಇಂಗ್ಲೆಂಡಿನ ಗ್ಲಾಸ್ಟರ್ ಸೀಮೆಯ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ. ತಂದೆ ಆ ಊರಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಇವನು ಎಂಟನೆಯವನು. ಹಸುರು ಹುಲ್ಲುಗಾವಲು, ದನದ ಕೊಟ್ಟಿಗೆ, ಹಾಲು ಬೆಣ್ಣೆಯ ವ್ಯಾಪಾರ, ಇವು ಆ ಸೀಮೆಯ ಬಾಳು. ಬಾಲಕನಿಗೆ ಐದು ವರ್ಷ ತುಂಬಿದ್ದಾಗ, 1754ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ಪಾದ್ರಿಯೇ ಆಗಿದ್ದ ಹಿರಿಯ ಅಣ್ಣ ಸ್ಟೀಫನ್ ತಮ್ಮನನ್ನು ಸಾಕಿದನು. ಹಿರಿಯರ ಪ್ರೀತಿಗೆ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಮುಂದೆ ಹೇಳುವ ಸಂಗತಿಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಯುರೋಪಿನ ಮಕ್ಕಳಿಗೆ ಸಿಡುಬಿನಂಥ ಮೃತ್ಯು ಬೇರೊಂದಿರಲಿಲ್ಲ. ತಗಲಿದ 100 ಮಂದಿಯಲ್ಲಿ 20ರಿಂದ 30 ಮಂದಿ ಸಾಯುತ್ತಿದ್ದರು. ಉಳಿದವರಲ್ಲಿ ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದರು, ಹೆಚ್ಚಿನವರ ಮುಖದಲ್ಲಿ ಕುಳಿಗಳು ಉಳಿಯುತ್ತಿದ್ದುವು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂಬುದನ್ನು ಜನ ಕಂಡುಕೊಂಡಿದ್ದರು. ಆದುದರಿಂದ, ಹದವಾಗಿ ಬಂದ ಸಿಡುಬಿನ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಂತನ ಚರ್ಮವನ್ನು ಗೀರಿ ಹಚ್ಚಿ, ಹಗುರವಾದ ಸಿಡುಬನ್ನು ಬೇಕೆಂದೇ ಬರಿಸುವ ಪದ್ಧತಿ ಭಾರತ, ತುರ್ಕಿ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಇತ್ತು. ತುರ್ಕಿಯಲ್ಲಿ ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಮುದುಕಿಯರು. ಅಲ್ಲಿ ಇಂಗ್ಲೆಂಡಿನ ರಾಯಭಾರಿಯ ಪತ್ನಿಯಾಗಿದ್ದ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ತನ್ನ ಮಗನಿಗೆ ಅಲ್ಲಿಯೇ ಅದನ್ನು ಮಾಡಿಸಿ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ರಾಜಮನೆತನಕ್ಕೂ ಆಸಕ್ತಿ ಹುಟ್ಟಿತು. ಆದರೆ ರಾಜಕುಮಾರಿಯರ ಮೈಗೆ ಕತ್ತಿ ತಾಗಿಸುವ ಮುನ್ನ ಪರೀಕ್ಷೆಯಾಗಬೇಡವೆ? ಮೊದಲು ನ್ಯೂಗೇಟ್ ಸೆರೆಮನೆಯ ಆರು ಮಂದಿ ಕೈದಿಗಳ ಮೇಲೆ, ತರುವಾಯ ತಂದೆತಾಯಿಗಳಿಲ್ಲದ ಅನಾಥ ಮಕ್ಕಳ ಮೇಲೆ ಅದು ನಡೆಯಿತು. ಅವರಿಗೇನೂ ಆಗಲಿಲ್ಲವೆಂಬುದು ಖಚಿತವಾದ ಮೇಲೆ, 1722ರಲ್ಲಿ, ರಾಜಕುಮಾರಿಯರ ಸರದಿ ಬಂದಿತು. ಮಕ್ಕಳ ರಕ್ಷಣೆಯ ಚರಿತ್ರೆಯಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಕೇಳುವವರಿಲ್ಲದ ಮಕ್ಕಳು ಮೊದಲು, ಕೇಳುವವರಿರುವ ಮಕ್ಕಳು ಆಮೇಲೆ.

ಸಿಡುಬು ಹಚ್ಚುವ ಈ ಪದ್ಧತಿ ಸುಳ್ಳಾಗಿರಲಿಲ್ಲ. ಹಚ್ಚಿಸಿಕೊಂಡವರಲ್ಲಿ ಸಾಯುತ್ತಿದ್ದವರು ಸುಮಾರು 100ಕ್ಕೆ ಇಬ್ಬರು ಮಾತ್ರ. ಆದರೆ ಹಚ್ಚಿಸಿಕೊಂಡವನಿಂದ ನಿಜವಾದ ಸಿಡುಬು ಸುತ್ತಲಿನವರಿಗೆ ಹರಡುವ ಭಯವಿತ್ತು. ಅಲ್ಲದೆ ಇಂಗ್ಲೆಂಡಿನ ವಿದ್ವಾಂಸ ವೈದ್ಯರು, ಮುದುಕಿಯರ ಸರಳವಾದ ಕೆಲಸಕ್ಕೆ ತಮ್ಮ ಶಾಸ್ತ್ರದ ಭಾರವನ್ನೆಲ್ಲ ಹೇರಿದರು. ಶರೀರದ ದೋಷಗಳನ್ನು ಮೊದಲು ಕಳೆಯಬೇಕೆಂದು ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಉಪವಾಸ ಕೆಡಹುವುದು ವಾಡಿಕೆಯಾಯಿತು.

1757ರಲ್ಲಿ ಎಂಟು ವರ್ಷದ ಎಡ್ವರ್ಡನಿಗೆ ಆದದ್ದು ಇದೇ. ಆರು ವಾರಗಳ ಕಾಲ ಹುಡುಗನ ರಕ್ತ ತೆಗೆದರು, ಭೇದಿ ಮಾಡಿಸಿದರು, ಸೊಪ್ಪುಸದೆ ಬೇಯಿಸಿದ ನೀರಿನಂಥ ಆಹಾರವನ್ನಷ್ಟೇ ಕೊಟ್ಟರು. ದುಂಡಗಿದ್ದ ಮಗು ಎಲುಬಿನ ಹಂದರವಾಯಿತು. ಆಮೇಲೆ ಸಿಡುಬು ಹಚ್ಚಿ, ಹಾಗೆಯೇ ಹಚ್ಚಿಸಿಕೊಂಡ ಇತರರೊಂದಿಗೆ ಒಂದು ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಗುಳ್ಳೆಗಳೆದ್ದು ಒಣಗುವ ಪರ್ಯಂತ ಅಲ್ಲಿಯೇ ವಾಸ. ಹುಡುಗ ಬದುಕಿ ಹೊರಬಂದನು. ಆದರೆ ಬಹುಕಾಲ ನಿದ್ದೆ ಸರಿಯಾಗಿ ಬರಲಿಲ್ಲವೆಂದೂ, ಥಟ್ಟನೆ ಕೇಳುವ ಸದ್ದನ್ನು ಸಹಿಸಲಾರದವನಾದನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ.

ಇದನ್ನು ಮಾಡಿಸಿದವರು ಕ್ರೂರಿಗಳಲ್ಲ. ತಾಯಿ ತಂದೆ ಇಲ್ಲದ ತಬ್ಬಲಿಯನ್ನು ಸಿಡುಬಿಗೆ ಬಲಿಕೊಡಬಾರದೆಂಬ ಕಳಕಳಿಯಿಂದ ಮಾಡಿಸಿದವರು. ನಮ್ಮ ಅಜ್ಜಿಯದೂ ಅದೇ ಕಳಕಳಿ. ಆದರೆ ಆರು ವಾರದ ಆ ಉಪವಾಸ, ಆ ರಕ್ತಸ್ರಾವ ಏತಕ್ಕಾಗಿ? ಯಾವುದಕ್ಕೂ ಅಲ್ಲ. ಮುಂದಿನ ದಶಕದಲ್ಲಿ ಸಟನ್ ಮನೆತನದ ತಂದೆಮಕ್ಕಳು ಆಳವಾದ ಗಾಯವನ್ನೂ ದೀರ್ಘವಾದ ಪಥ್ಯವನ್ನೂ ಕೈಬಿಟ್ಟು, ಸಾವಿರಾರು ಜನಕ್ಕೆ ಇನ್ನೂ ಸುಖವಾಗಿ ಸಿಡುಬು ಹಚ್ಚಿದರು. ಅಲ್ಲಿಯವರೆಗೆ ಮಕ್ಕಳು ಪಟ್ಟ ಪಾಡಿನ ಹೆಚ್ಚು ಪಾಲು ಬರಿಯ ಪಾಡಾಗಿತ್ತು. ಯಾರೂ ಅದನ್ನು ಬಿಟ್ಟು ನೋಡಿರಲಿಲ್ಲ, ಅಷ್ಟೆ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಜೆನ್ನರ್ ಚಿಪಿಂಗ್ ಸಾಡ್‌ಬರಿಯ ಶಸ್ತ್ರವೈದ್ಯ ಡೇನಿಯಲ್ ಲಡ್‌ಲೋ ಎಂಬಾತನ ಬಳಿ ಶಿಷ್ಯವೃತ್ತಿಗೆ ಸೇರಿದನು. 1770ರಲ್ಲಿ ಲಂಡನ್ನಿಗೆ ಹೋಗಿ ಮಹಾ ಶಸ್ತ್ರವೈದ್ಯನಾದ ಜಾನ್ ಹಂಟರನ ಮನೆಯಲ್ಲಿಯೇ ಇದ್ದು ಕಲಿತನು. ಹಂಟರ್ ಶಿಷ್ಯನಿಗೆ ಕೊಟ್ಟ ದೊಡ್ಡ ವಿದ್ಯೆ ಒಂದೇ: ಹೀಗಿರಬಹುದೆಂದು ಊಹಿಸಿ ಕುಳಿತಿರದೆ, ಮಾಡಿ ನೋಡಿ ತಿಳಿದುಕೊಳ್ಳುವುದು. ಲಂಡನ್ನಿನಲ್ಲಿ ಹಣ ಕೀರ್ತಿಗಳ ದಾರಿ ತೆರೆದಿದ್ದರೂ ಜೆನ್ನರ್ ಬರ್ಕ್ಲಿಗೆ ಮರಳಿ ಹಳ್ಳಿಯ ವೈದ್ಯನಾದನು. ಪಿಟೀಲು ಬಾರಿಸುತ್ತ, ಪದ್ಯ ಕಟ್ಟುತ್ತ, ಕುದುರೆಯೇರಿ ರೋಗಿಗಳ ಮನೆಗೆ ಹೋಗಿಬರುತ್ತ ಇದ್ದ ಅವನ ಕಣ್ಣು ಮಾತ್ರ ಸದಾ ಎಚ್ಚರ. ಕೋಗಿಲೆಯ ಜಾತಿಗೆ ಸೇರಿದ ಅಲ್ಲಿನ ಕುಕ್ಕೂ ಹಕ್ಕಿ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದಷ್ಟೆ. ಆ ಗೂಡಿನ ಸ್ವಂತ ಮರಿಗಳು ಹೊರಕ್ಕೆ ಬೀಳುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. ಇನ್ನೂ ಕಣ್ಣು ಬಿಡದ ಕುಕ್ಕೂ ಮರಿಯೇ ಬೆನ್ನಿನ ತಗ್ಗಿನಲ್ಲಿ ಅವನ್ನು ಹೊತ್ತು ಅಂಚಿನಾಚೆ ತಳ್ಳುತ್ತದೆಂಬುದನ್ನು ಜೆನ್ನರ್ ಕಣ್ಣಾರೆ ಕಂಡು 1788ರಲ್ಲಿ ಪ್ರಕಟಿಸಿದನು. ಮರುವರ್ಷ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು.

ಹಾಲು ಕರೆಯುವವರ ಕೈಗೆ ಹಸುವಿನ ಕೆಚ್ಚಲಿನಿಂದ ಗೋಸಿಡುಬು ಎಂಬ ಹಗುರವಾದ ಬೇನೆ ತಗಲುವುದುಂಟು. ಅದು ಬಂದವರಿಗೆ ಸಿಡುಬು ಬಾರದೆಂಬುದು ಆ ಸೀಮೆಯ ರೈತರಲ್ಲಿ ಹಬ್ಬಿದ್ದ ನಂಬಿಕೆ. ಹಾಲು ಕರೆಯುವ ಚೆಲುವೆಯೊಬ್ಬಳು ಬಾಲಕ ಜೆನ್ನರನಿಗೆ ಇದನ್ನು ಹೇಳಿದಳೆಂಬ ಪಾಠದ ಪುಸ್ತಕದ ಕಥೆ ಅವನ ಮರಣಾನಂತರ ಹುಟ್ಟಿದ್ದೆಂದು ಈಚಿನ ಸಂಶೋಧಕರು ಸಂಶಯ ಪಡುತ್ತಾರೆ. ಏನೇ ಇರಲಿ, ಮಾತು ಹಳ್ಳಿಯದು. ಅದನ್ನು ನಂಬಿ ನಡೆದವರೂ ಇದ್ದರು. 1774ರಲ್ಲಿ ಡಾರ್ಸೆಟ್ ಸೀಮೆಯ ಬೆಂಜಮಿನ್ ಜೆಸ್ಟಿ ಎಂಬ ರೈತ, ಸಿಡುಬು ಊರಿಗೆ ಬಂದಾಗ, ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹೆಣಿಗೆಯ ಸೂಜಿಯಿಂದ ಗೋಸಿಡುಬನ್ನು ಚುಚ್ಚಿದನು. ಹೆಂಡತಿಯ ತೋಳು ಊದಿ ಪ್ರಾಣಕ್ಕೇ ಸಂಚಕಾರ ಬಂದಿತು. ನೆರೆಹೊರೆಯವರು ಅವನನ್ನು ರಾಕ್ಷಸನೆಂದು ಬಗೆದರು. ಮೂವರೂ ಉಳಿದರು. ಆದರೆ ಒಂದು ಮನೆಯ ಅದೃಷ್ಟ ಲೋಕಕ್ಕೆ ಪ್ರಮಾಣವಾಗಲಾರದು.

ಜೆನ್ನರ್ 1788ರಲ್ಲಿ ಕ್ಯಾಥರೀನ್ ಕಿಂಗ್ಸ್‌ಕೋಟ್ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಹುಟ್ಟಿದ ಚೊಚ್ಚಲ ಮಗನಿಗೆ, ವರ್ಷ ತುಂಬುವ ಮುನ್ನವೇ, ಹಂದಿಸಿಡುಬು ಎಂದು ಕರೆಯುತ್ತಿದ್ದ ಬೇನೆಯ ಕೀವನ್ನು ತಾನೇ ಹಚ್ಚಿದನು. ಆಮೇಲೆ ನಿಜವಾದ ಸಿಡುಬನ್ನೂ ಹಚ್ಚಿ ನೋಡಿದನು. ಮಗುವಿಗೆ ಸಿಡುಬು ಏಳಲಿಲ್ಲ. ಪರರ ಮಕ್ಕಳನ್ನು ಮಾತ್ರ ಪರೀಕ್ಷೆಗೊಡ್ಡಿದನೆಂಬ ಆಪಾದನೆ ಅವನ ಮೇಲೆ ನಿಲ್ಲದಿರುವುದಕ್ಕೆ ಇದೊಂದು ಕಾರಣ.

1796ನೆಯ ಇಸವಿ ಮೇ 14. ಸಾರಾ ನೆಲ್ಮ್ಸ್ ಎಂಬ ಹಾಲುಗಿತ್ತಿಯ ಕೈಯಲ್ಲಿ ಮುಳ್ಳು ಗೀರಿದ ಕಡೆ ಗೋಸಿಡುಬಿನ ಗುಳ್ಳೆ ಎದ್ದಿತ್ತು. ಆಕೆಗೆ ಅದನ್ನು ಕೊಟ್ಟ ಹಸುವಿನ ಹೆಸರು ಬ್ಲಾಸಮ್. ಅದರ ಚರ್ಮವನ್ನು ಲಂಡನ್ನಿನಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಜೆನ್ನರ್ ಆ ಗುಳ್ಳೆಯ ರಸವನ್ನು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿನಲ್ಲಿ ಅರ್ಧ ಅಂಗುಲದ ಎರಡು ಗೀರುಗಳನ್ನೆಳೆದು ಸೇರಿಸಿದನು. ಫಿಪ್ಸ್ ಕೂಲಿ ಮಾಡುವ ಬಡವನ ಮಗ. ವಯಸ್ಸು ಎಂಟು. ಕೊಟ್ಟಿಗೆಯಲ್ಲಿ ಕೂಡಿಹಾಕಿದಾಗ ಜೆನ್ನರನಿಗಿದ್ದ ವಯಸ್ಸೇ. ಏಳನೆಯ ದಿನ ಹುಡುಗನ ಕಂಕುಳು ನೊಂದಿತು. ಒಂಬತ್ತನೆಯ ದಿನ ತುಸು ಚಳಿ, ತಲೆನೋವು, ಹಸಿವಿಲ್ಲ. ರಾತ್ರಿ ಸರಿಯಾಗಿ ಮಲಗಲಿಲ್ಲ. ಮರುದಿನ ಚೆನ್ನಾಗಿ ಚೇತರಿಸಿಕೊಂಡಿದ್ದನು. ರಕ್ತ ತೆಗೆದಿರಲಿಲ್ಲ, ಉಪವಾಸವಿರಲಿಲ್ಲ, ಕೊಟ್ಟಿಗೆಯ ವಾಸವಿರಲಿಲ್ಲ.

ಜುಲೈ 1ರಂದು ಜೆನ್ನರ್ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಹಚ್ಚಿದನು. ಸಿಡುಬು ಬರಲಿಲ್ಲ. ಕೆಲವು ತಿಂಗಳ ತರುವಾಯ ಮತ್ತೊಮ್ಮೆ ಹಚ್ಚಿದನು, ಆಗಲೂ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಸುಮಾರು 20 ಸಲ ಆ ತೋಳು ಪರೀಕ್ಷೆಗೆ ಗುರಿಯಾಯಿತೆಂದು ಹೇಳುತ್ತಾರೆ.

ಇಲ್ಲಿ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ತನ್ನ ಗ್ರಂಥದಲ್ಲಿ ಜೆನ್ನರ್ ಈ ಸಂದರ್ಭವನ್ನು ವಿವರಿಸುವಾಗ, ಸುಮಾರು ಎಂಟು ವರ್ಷದ ಆರೋಗ್ಯವಂತ ಹುಡುಗನೊಬ್ಬನನ್ನು ಆರಿಸಿಕೊಂಡುದಾಗಿ ಹೇಳುತ್ತಾನೆ. ಹುಡುಗನನ್ನು ಕೇಳಿದನೆ, ತಂದೆಯನ್ನು ಕೇಳಿದನೆ ಎಂಬ ಮಾತು ಅಲ್ಲಿಲ್ಲ. ಆ ಕಾಲದ ನ್ಯಾಯವನ್ನೂ ಹೇಳಬೇಕು. ಸಿಡುಬು ಹಚ್ಚುವುದು ಆಗ ಮನೆಮನೆಯ ವಾಡಿಕೆ. ಗೋಸಿಡುಬಿನ ಪರೀಕ್ಷೆ ನಡೆಯದಿದ್ದರೂ ಫಿಪ್ಸನಿಗೆ ಯಾರಾದರೂ ಅದನ್ನು ಹಚ್ಚುತ್ತಿದ್ದರು. ಅವನ ಮೇಲೆ ಜೆನ್ನರ್ ಹೊರಿಸಿದ ಅಪಾಯ ಅಪೂರ್ವವಾದುದೇನಲ್ಲ. ಆದರೂ, ಕೂಲಿಯವನೊಬ್ಬ ಊರಿನ ಪ್ರತಿಷ್ಠಿತ ವೈದ್ಯನಿಗೆ ಇಲ್ಲವೆನ್ನಬಹುದಾಗಿತ್ತೆ? ನನ್ನ ತಾಯಿ ಅತ್ತೆಗೆ ಬೇಡವೆನ್ನಬಹುದಾಗಿತ್ತೆ? ಮಗುವಿನ ಮೈಮೇಲೆ ನಡೆಯುವ ಉಪಚಾರಗಳಲ್ಲಿ ಒಪ್ಪಿಗೆಯೆಂಬುದು ಎಷ್ಟೋ ಸಲ ಬಾಯಿ ತೆರೆಯಲಾರದವರ ಮೌನವಾಗಿರುತ್ತದೆ.

ಒಂದೇ ಮಗುವಿನ ದೃಷ್ಟಾಂತ ಸಾಲದೆಂದು ರಾಯಲ್ ಸೊಸೈಟಿ ಅವನ ಲೇಖನವನ್ನು ಪ್ರಕಟಿಸಲಿಲ್ಲ. ಅದು ಜೆನ್ನರನಿಗೆ ಬೇಸರ ತಂದಿರಬಹುದು. ನನಗೆ ಮಾತ್ರ ಆ ನಿರಾಕರಣೆ ಬಹು ದೊಡ್ಡದಾಗಿ ಕಂಡಿತು. ಒಬ್ಬ ಬದುಕಿದನೆಂಬುದು ಪ್ರಮಾಣವಲ್ಲ ಎಂದು ಹೇಳುವವರು ಒಬ್ಬರು ಇದ್ದರಲ್ಲ! ನಮ್ಮ ಊರಿನಲ್ಲಿ ಹಾಗೆ ಹೇಳುವವರು ಯಾರಿದ್ದರು? ಜೆನ್ನರ್ ಕಾದನು. 1798ರ ವಸಂತದಲ್ಲಿ ಗೋಸಿಡುಬು ಮತ್ತೆ ಕಾಣಿಸಿಕೊಂಡಾಗ ಇನ್ನೂ ಕೆಲವು ಮಕ್ಕಳಿಗೆ ಹಚ್ಚಿದನು. ಒಂದು ಮಗುವಿನ ತೋಳಿನಿಂದ ಇನ್ನೊಂದರ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ದಾಟಿಸಿದರೂ ಅದರ ಗುಣ ಕುಂದಲಿಲ್ಲ. ತನ್ನದೇ ಹನ್ನೊಂದು ತಿಂಗಳ ಮಗ ರಾಬರ್ಟನಿಗೂ ಹಚ್ಚಿದನು. ಅವನಲ್ಲಿ ಅದು ಹಿಡಿಯಲಿಲ್ಲ. ಅದನ್ನೂ ಮುಚ್ಚಿಡದೆ ಬರೆದನು. ಅದೇ ವರ್ಷ 23 ದೃಷ್ಟಾಂತಗಳ ಚಿಕ್ಕ ಗ್ರಂಥವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದನು.

ಆ ಮಕ್ಕಳಲ್ಲಿ ಜಾನ್ ಬೇಕರ್ ಎಂಬ ಐದು ವರ್ಷದವನೊಬ್ಬನಿದ್ದನು. ಅವನನ್ನು ಸಿಡುಬಿನಿಂದ ಮರುಪರೀಕ್ಷೆ ಮಾಡಲಾಗಲಿಲ್ಲ. ನಿರ್ಗತಿಕರನ್ನು ದುಡಿಮೆಗೆ ಹಚ್ಚಿ ಇರಿಸುತ್ತಿದ್ದ ಸಾರ್ವಜನಿಕ ಗೃಹದಲ್ಲಿ ಅಂಟುಜ್ವರ ತಗಲಿ ಅವನು ತೀರಿಕೊಂಡನು. ಅವನ ಸಾವಿಗೆ ಆ ಗೀರೇ ಕಾರಣವೆಂದು ಹೇಳುವಂತಿಲ್ಲ, ಬಡತನವೆಂದು ಹೇಳಬಹುದು. ಫಿಪ್ಸನ ಹೆಸರು ಲೋಕಕ್ಕೆ ಗೊತ್ತು. ಬೇಕರನ ಹೆಸರನ್ನು ನಾನು ಈ ಬಾರಿ ಓದುವಾಗಲೇ ಗಮನಿಸಿದ್ದು.

ಗ್ರಂಥ ಹೊರಬಿದ್ದ ಕೆಲವೇ ವರ್ಷಗಳಲ್ಲಿ ದಾಕು ಯುರೋಪು ಅಮೆರಿಕಗಳನ್ನು ವ್ಯಾಪಿಸಿತು. ಹಸುವಿನ ರಸ ಸೇರಿದ ಮಕ್ಕಳಿಗೆ ಕೊಂಬು ಮೂಡುವುದೆಂದು ಹಾಸ್ಯ ಮಾಡಿದವರೂ, ಇದು ದೈವವಿರುದ್ಧವೆಂದು ಕೂಗಿದವರೂ ಇದ್ದರು. ಜೆನ್ನರ್ ತನ್ನ ವಿದ್ಯೆಯನ್ನು ಗುಟ್ಟಾಗಿಟ್ಟು ಹಣ ಮಾಡಲಿಲ್ಲ. ತೋಟದ ಮೂಲೆಯ ಪುಟ್ಟ ಗುಡಿಸಲಿನಲ್ಲಿ ಬಡವರ ಮಕ್ಕಳಿಗೆ ಉಚಿತವಾಗಿ ದಾಕು ಹಾಕುತ್ತಿದ್ದನು. ಪಾರ್ಲಿಮೆಂಟು ಅವನಿಗೆ 1802ರಲ್ಲಿ 10,000 ಪೌಂಡನ್ನೂ 1807ರಲ್ಲಿ 20,000 ಪೌಂಡನ್ನೂ ಕೊಟ್ಟಿತು.

ಆದರೆ ದಾಕು ದೂರದೇಶಗಳಿಗೆ ಹೋಗುವುದು ಹೇಗೆ? ರಸ ಒಣಗಿದರೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಜೀವಂತ ತೋಳುಗಳೇ ಅದರ ಪಾತ್ರೆಗಳಾಗಬೇಕಾಯಿತು. 1803ರ ನವೆಂಬರ್ 30ರಂದು ಸ್ಪೇನಿನ ಲಾ ಕೊರುನ್ಯಾ ಬಂದರಿನಿಂದ ಬಾಲ್ಮಿಸ್ ಎಂಬ ವೈದ್ಯ 22 ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿಕೊಂಡು ಅಮೆರಿಕಕ್ಕೆ ಹೊರಟನು. ಇಬ್ಬಿಬ್ಬರಿಗೆ ಸರದಿಯಂತೆ ದಾಕು ಹಾಕಿ, ಅವರ ಗುಳ್ಳೆಯಿಂದ ಮುಂದಿನ ಇಬ್ಬರಿಗೆ ದಾಟಿಸುತ್ತ ಸಾಗರವನ್ನು ದಾಟಿದರು. ಅವರನ್ನು ನೋಡಿಕೊಳ್ಳಲು ಅನಾಥಾಲಯದ ಇಸಬೆಲ್ ಸೆಂದಾಲ್ ಎಂಬ ತಾಯಿ ಜೊತೆಗಿದ್ದಳು. ಲಕ್ಷಾಂತರ ಜನ ಆ ಯಾತ್ರೆಯಿಂದ ಉಳಿದರು. ಹುಡುಗರು ಮಾತ್ರ ಸ್ವದೇಶಕ್ಕೆ ಮರಳಿ ಬರುವವರಾಗಿ ಹೊರಟವರಲ್ಲ.

ಭಾರತಕ್ಕೆ ದಾಕು ಬಂದದ್ದೂ ಮಗುವಿನ ತೋಳಿನ ಮೂಲಕವೇ. ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ರಸ 1802ನೆಯ ಇಸವಿ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನಲ್ಲಿ ಹಿಡಿಯಿತು. ಅವಳ ತೋಳಿನಿಂದ ಮತ್ತೆ ಐದು ಮಕ್ಕಳಿಗೆ, ಅಲ್ಲಿಂದ ದೇಶದ ಇತರ ಭಾಗಗಳಿಗೆ ಅದು ಹರಡಿತು. ಮೂರು ವರ್ಷಗಳಲ್ಲಿ ನಮ್ಮ ಮೈಸೂರಿನ ಅರಮನೆಯನ್ನೂ ಮುಟ್ಟಿತು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರಲ್ಲಿ ಬರೆದ ಮೂವರು ರಾಣಿಯರ ಚಿತ್ರವೊಂದಿದೆ. ಅದರಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರೆಂದು ಚರಿತ್ರಕಾರರು ಗುರುತಿಸಿದ್ದಾರೆ. ಒಬ್ಬಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯಂತೆ ಸಿಡುಬು ಹಚ್ಚಿಸಿಕೊಂಡ ಗುರುತೆನ್ನುತ್ತಾರೆ. ಇನ್ನೊಬ್ಬಳು, ಹನ್ನೆರಡರ ಆಸುಪಾಸಿನ ಎಳೆಯ ರಾಣಿ ದೇವಾಜಮ್ಮಣ್ಣಿ, ಸೆರಗನ್ನು ತುಸು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ತೋರುತ್ತಿದ್ದಾಳೆ. ನಡುವೆ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು. ಅಜ್ಜಿಯ ಎರಡು ಪಕ್ಕದಲ್ಲಿ ಎರಡು ಬಗೆಯ ಕಲೆಗಳು! ನಮ್ಮ ಮನೆಯ ಅಜ್ಜಿಯನ್ನು ನೆನೆಯದೆ ಆ ಚಿತ್ರವನ್ನು ನಾನು ನೋಡಲಾರೆ.

ದಾಕೂ ನಿರ್ದೋಷವಾಗಿರಲಿಲ್ಲ. ತೋಳಿನಿಂದ ತೋಳಿಗೆ ದಾಟಿಸುವಾಗ ಬೇರೆ ರೋಗಗಳೂ ದಾಟಿದುವು. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ 40ಕ್ಕೂ ಹೆಚ್ಚು ಮಕ್ಕಳಿಗೆ ಹೀಗೆ ಮೇಹರೋಗ ಅಂಟಿತು. ಆ ಕಹಿ ಅನುಭವದಿಂದ ಕರುವಿನ ಮೈಯಲ್ಲಿ ರಸ ಬೆಳೆಸುವ ಕ್ರಮ ಬಳಕೆಗೆ ಬಂದಿತು; ಇಂಗ್ಲೆಂಡಿನಲ್ಲಿ 1898ರಲ್ಲಿ ತೋಳಿನಿಂದ ತೋಳಿಗೆ ದಾಟಿಸುವುದು ನಿಂತಿತು. ಸಿಡುಬನ್ನೇ ಹಚ್ಚುವ ಹಳೆಯ ಪದ್ಧತಿಯನ್ನಂತೂ ಅಲ್ಲಿ 1840ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿದ್ದರು. ಒಂದು ಕಾಲಕ್ಕೆ ಮಕ್ಕಳನ್ನು ಉಳಿಸಿದ ಉಪಚಾರವೇ, ಅದಕ್ಕಿಂತ ಉತ್ತಮವಾದುದು ದೊರೆತ ಮೇಲೆ, ಮಕ್ಕಳಿಗೆ ಮಾಡುವ ಅಪರಾಧವೆನಿಸಿತು.

ಜೆನ್ನರನ ಕೊನೆಯ ದಿನಗಳು ಸುಖದವಲ್ಲ. ಹಂದಿಸಿಡುಬು ಹಚ್ಚಿಸಿಕೊಂಡಿದ್ದ ಚೊಚ್ಚಲ ಮಗ 1810ರಲ್ಲಿ ಕ್ಷಯದಿಂದ ತೀರಿಕೊಂಡನು. 1815ರಲ್ಲಿ ಪತ್ನಿಯೂ ಅದೇ ರೋಗಕ್ಕೆ ತುತ್ತಾದಳು. ಲೋಕದ ಮಕ್ಕಳನ್ನು ಒಂದು ಮೃತ್ಯುವಿನಿಂದ ಉಳಿಸಿದವನಿಗೆ ತನ್ನ ಮನೆಯಲ್ಲಿ ಇನ್ನೊಂದನ್ನು ತಡೆಯಲಾಗಲಿಲ್ಲ. ಅವನು ಬರ್ಕ್ಲಿಯಲ್ಲಿ ಏಕಾಂತವಾಗಿ ಉಳಿದನು. ಫಿಪ್ಸನನ್ನು ಮಾತ್ರ ಮರೆಯಲಿಲ್ಲ. ಅವನು ಬೆಳೆದು ಸಂಸಾರಿಯಾದಾಗ ಬಾಡಿಗೆಯಿಲ್ಲದೆ ಇರಲು ಒಂದು ಪುಟ್ಟ ಮನೆಯನ್ನು ಕೊಟ್ಟನು; ಅದರ ಮುಂದೆ ಗುಲಾಬಿ ಗಿಡಗಳನ್ನು ತಾನೇ ನೆಟ್ಟನೆಂದು ಹೇಳುತ್ತಾರೆ. 1823ರ ಜನವರಿ 26ರಂದು ಜೆನ್ನರ್ ಪಾರ್ಶ್ವವಾಯುವಿನಿಂದ ಮರಣ ಹೊಂದಿದಾಗ, ಶವದ ಹಿಂದೆ ನಡೆದವರಲ್ಲಿ ಫಿಪ್ಸನೂ ಇದ್ದನು. ಆ ಮನೆಯೂ ಆ ಗುಲಾಬಿಯೂ ಪ್ರೀತಿಯ ಕಾಣಿಕೆಗಳಾಗಿದ್ದುವೆ, ಇಲ್ಲವೆ ಒಂದು ಋಣದ ಅರಿವೂ ಅವುಗಳಲ್ಲಿತ್ತೆ? ಎರಡೂ ಇದ್ದುವೆಂದು ನನ್ನ ಎಣಿಕೆ.

ಈ ಜೀವನದಿಂದ ನನ್ನ ತಡವರಿಕೆಗೆ ಉತ್ತರ ದೊರೆಯಿತೆ? ಸ್ವಲ್ಪಮಟ್ಟಿಗೆ ದೊರೆಯಿತು. ಬರೆ ಹಳೆಯದು, ದಾಕು ಹೊಸದು, ಆದುದರಿಂದ ಒಂದು ಕೆಟ್ಟದ್ದು ಇನ್ನೊಂದು ಒಳ್ಳೆಯದು ಎನ್ನುವಂತಿಲ್ಲ. ದಾಕಿನ ಬೇರೂ ಹಳ್ಳಿಯ ನಂಬಿಕೆಯಲ್ಲಿಯೇ ಇದೆ. ಒಂದು ನಮ್ಮದು, ಇನ್ನೊಂದು ಪರದೇಶದ್ದು ಎಂಬ ಭೇದವೂ ನಿಲ್ಲದು. ಬರೆಯಷ್ಟೇ ವ್ಯರ್ಥವಾದ ಹಿಂಸೆಯನ್ನು ಇಂಗ್ಲೆಂಡಿನ ವಿದ್ವಾಂಸರು ತಮ್ಮ ಮಕ್ಕಳಿಗೇ ಕೊಟ್ಟರು. ಭೇದವಿರುವುದು ಇಷ್ಟರಲ್ಲಿ. ಗೋಸಿಡುಬಿನ ಮಾತನ್ನು ಒಬ್ಬನು ಸಂಶಯಕ್ಕೆ ಒಡ್ಡಿದನು. ಹಿಡಿದ ಮಕ್ಕಳನ್ನೂ ಹಿಡಿಯದ ಮಕ್ಕಳನ್ನೂ ಒಂದೇ ಪುಸ್ತಕದಲ್ಲಿ ಬರೆದನು. ಕೆಡುಕು ಕಂಡಾಗ ಮುಂದಿನವರು ತಿದ್ದಿದರು. ಬರೆಯನ್ನು ಯಾರೂ ಹಾಗೆ ಕೇಳಲಿಲ್ಲ. ಎಳೆಗೂಸಿನ ಹೊಟ್ಟೆಯುಬ್ಬರ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಇಳಿದಾಗ ಕೀರ್ತಿ ಬರೆಗೆ ಹೋಗುತ್ತದೆ. ಇಳಿಯದಿದ್ದಾಗ ಸುಟ್ಟ ಗಾಯದಿಂದ ನಂಜೇರುತ್ತದೆ, ವೈದ್ಯನ ಬಳಿಗೆ ಒಯ್ಯುವ ಹೊತ್ತು ಮೀರುತ್ತದೆ. ಆಗ ವಿಧಿಯ ಹೆಸರು ಹೇಳುತ್ತೇವೆ.

ಪ್ರೀತಿ ಮಗುವಿಗೆ ಸಾಕಾದ ರಕ್ಷಣೆಯಲ್ಲವೆಂಬುದನ್ನು ಲೋಕ ಬಹು ತಡವಾಗಿ ಒಪ್ಪಿಕೊಂಡಿತು. ಮಕ್ಕಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆ, ಮಕ್ಕಳ ಆರೋಗ್ಯಕ್ಕೆ ಹಾನಿಯಾಗುವ ಸಾಂಪ್ರದಾಯಿಕ ಪದ್ಧತಿಗಳನ್ನು ತೊಡೆದುಹಾಕುವುದು ಸರಕಾರಗಳ ಕರ್ತವ್ಯವೆಂದು ವಿಧಿಸಿತು. ಭಾರತ 1992ರಲ್ಲಿ ಅದನ್ನು ಅಂಗೀಕರಿಸಿತು. ಮಗುವಿಗೆ ಅನಾವಶ್ಯಕವಾದ ನೋವನ್ನುಂಟುಮಾಡುವ ಕ್ರೌರ್ಯ ನಮ್ಮ 2015ರ ಬಾಲನ್ಯಾಯ ಕಾಯಿದೆಯಲ್ಲಿ ದಂಡನೀಯ. ಆದರೆ ಕಾಯಿದೆ ಮನೆಯ ನಡುಕೋಣೆಗೆ ಬಂದು ಕುಳಿತಿರಲಾರದು. ಅಲ್ಲಿ ಬೇಡವೆನ್ನುವವರು ಮನೆಯವರೇ ಆಗಬೇಕು.

ನಮ್ಮ ಮನೆಯಲ್ಲಿ ಬೇಡವೆಂದವಳು ನನ್ನ ಸೊಸೆ. ಇಪ್ಪತ್ತಾರು ವರ್ಷದ ಆ ಹುಡುಗಿ, ಹೆರಿಗೆಯ ಆಯಾಸದಲ್ಲಿಯೇ ಎದ್ದು ಕುಳಿತು, ಯಾರ ಮುಖವನ್ನೂ ನೋಡದೆ, ಮಗುವನ್ನು ಎತ್ತಿ ಮಗನ ಕೈಗೆ ಕೊಟ್ಟಳು. ಆಸ್ಪತ್ರೆಯಲ್ಲಿ ಅದನ್ನು ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ, ಎರಡು ದಿನ ಮಲಗಿಸಿದರು. ಹಳದಿ ಇಳಿಯಿತು. ಒಂದು ಮಗು ಗುಣವಾದುದರಿಂದ ನೀಲಿ ಬೆಳಕು ಸಿದ್ಧೌಷಧವೆಂದು ನಾನು ಹೇಳಿದರೆ, ಅಜ್ಜಿಯ ತಪ್ಪನ್ನೇ ಮಾಡಿದಂತಾಗುತ್ತದೆ. ಸಾವಿರಾರು ಕೂಸುಗಳಲ್ಲಿ ಅದನ್ನು ನೋಡಿ, ಲೆಕ್ಕವಿಟ್ಟು ಹೇಳಿದವರಿದ್ದಾರೆ ಎಂಬುದೇ ನನ್ನ ಸಮಾಧಾನ.

1980ನೆಯ ಇಸವಿ ಮೇ 8ರಂದು ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಈಗ ಮಕ್ಕಳಿಗೆ ಸಿಡುಬಿನ ದಾಕು ಹಾಕುವುದಿಲ್ಲ, ಹಾಕುವ ಅಗತ್ಯವಿಲ್ಲ. ಮೊನ್ನೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಪಕ್ಕದಲ್ಲಿ ಕುಳಿತು ನೋಡಿದೆ. ಎಡತೋಳು ನುಣ್ಣಗಿದೆ. ಹೊಟ್ಟೆಯ ಮೇಲೆ ಗೆರೆಯಿಲ್ಲ. ನನ್ನ ಎರಡು ಕಲೆಗಳಲ್ಲಿ ಒಂದೂ ಅವಳ ಮೈಮೇಲೆ ಇಲ್ಲ.